ಕೊಲೊನೋಸ್ಕೋಪಿ: ಕುಡಿಯುವ ಕಷ್ಟ ಕಡಿಮೆ ಮಾಡಲು ಸಾಧ್ಯ

ಕೊಳವೆ ಹಾಯಿಸಿ ದೊಡ್ಡಕರುಳಿನ ಒಳಗನ್ನು ನೋಡುವ ಪರೀಕ್ಷೆ ಕೊಲೊನೋಸ್ಕೋಪಿ. ಅದಕ್ಕೆ ಮೊದಲು ಕರುಳು ಪೂರ್ತಿ ಖಾಲಿಯಾಗಿರಬೇಕು. ಸ್ವಲ್ಪ ಮಲ ಉಳಿದರೂ ಅದರಡಿಯಲ್ಲಿ ಪಾಲಿಪ್ (ಕರುಳಿನ ಒಳಗೋಡೆಯ ಪುಟ್ಟ ಗಂಟು) ಮರೆಯಾಗಬಹುದು. ಕರುಳಿನ ಕ್ಯಾನ್ಸರ್ ಬಹುತೇಕ ಶುರುವಾಗುವುದು ಇಂಥ ಪಾಲಿಪ್‌ಗಳಿಂದಲೇ. ಕರುಳು ಶುದ್ಧವಾಗದಿದ್ದರೆ ಪರೀಕ್ಷೆಯನ್ನೇ ಮತ್ತೊಮ್ಮೆ ಮಾಡಬೇಕಾಗುತ್ತದೆ. ಆದರೂ ಕರುಳು ತೊಳೆಯಲು ಕೊಟ್ಟ ದ್ರಾವಣವನ್ನು ಅನೇಕರು ಅರ್ಧ ಕುಡಿದೇ ಲೋಟ ಕೆಳಗಿಡುತ್ತಾರೆ. ಅದಕ್ಕೆ ಅವರನ್ನು ದೂರುವುದು ತಪ್ಪು.

ಕುಡಿಯಲು ಕೊಡುವುದು ಹೆಚ್ಚಾಗಿ ಪಾಲಿಎಥಿಲೀನ್ ಗ್ಲೈಕಾಲ್ ಮತ್ತು ಲವಣಗಳ ಪುಡಿ ಕದಡಿದ ನೀರು. 1980ರಲ್ಲಿ ರೂಪುಗೊಂಡ ಈ ದ್ರಾವಣವನ್ನು ಕರುಳು ಹೀರಿಕೊಳ್ಳುವುದಿಲ್ಲ. ಅದು ಮಲವನ್ನು ಕೊಚ್ಚಿಕೊಂಡು ಹೊರಬರುತ್ತದೆ. ಲವಣ ಸಮತೋಲನದಲ್ಲಿರುವುದರಿಂದ ದೇಹ ಬಳಲುವುದು ಕಡಿಮೆ. ಇದರ ದೋಷ ಎರಡು: ಉಪ್ಪು ರುಚಿ ಮತ್ತು ಪ್ರಮಾಣ. ಕಡಿಮೆ ಕುಡಿದರೆ ಸಾಕೆಂದು ಬಳಕೆಗೆ ಬಂದಿದ್ದ ಸೋಡಿಯಂ ಫಾಸ್ಫೇಟ್ ಕೆಲವರ ಮೂತ್ರಪಿಂಡ ಕೆಡಿಸಿತು. 2008ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಅದಕ್ಕೆ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿದರು. ಹಾಗಾಗಿ ಸುಲಭವಾದುದೆಲ್ಲ ಸುರಕ್ಷಿತವಲ್ಲ.

ಸುರಕ್ಷಿತ ದಾರಿಗಳೂ ಇವೆ. ಮೊದಲು ನಾಲ್ಕು ಲೀಟರ್ ಕುಡಿಸುತ್ತಿದ್ದ ಕಡೆ, ಬೇರೆ ತೊಂದರೆಯಿಲ್ಲದವರಿಗೆ ಈಗ ಎರಡು ಲೀಟರ್ ಸಾಕಾಗುತ್ತದೆ. ಅರ್ಧ ಹಿಂದಿನ ಸಂಜೆ, ಉಳಿದರ್ಧ ಪರೀಕ್ಷೆಗೆ ನಾಲ್ಕರಿಂದ ಆರು ಗಂಟೆ ಮುಂಚೆ ಕುಡಿದರೆ ವಾಕರಿಕೆ ತಗ್ಗುತ್ತದೆ, ಕರುಳೂ ಹೆಚ್ಚು ಶುದ್ಧವಾಗುತ್ತದೆ. ತಣ್ಣಗೆ ಮಾಡಿ ಸ್ಟ್ರಾದಲ್ಲಿ ಹೀರಿದರೆ ರುಚಿ ನಾಲಿಗೆಗೆ ಅಷ್ಟಾಗಿ ತಗಲದು. ವೈದ್ಯರನ್ನು ಕೇಳಿ ನಿಂಬೆರಸ ಹಿಂಡಿಕೊಳ್ಳಬಹುದು. ಸಕ್ಕರೆ ಮಾತ್ರ ಬೆರೆಸಬಾರದು: ಅದು ಲವಣದ ಸಮತೋಲನ ಕೆಡಿಸುತ್ತದೆ, ಕರುಳಿನಲ್ಲಿ ಹುದುಗಿ ಹೊತ್ತಿಕೊಳ್ಳಬಲ್ಲ ಅನಿಲ ಹುಟ್ಟಿಸಬಹುದು.

ಇಡೀ ದಿನ ಉಪವಾಸವೂ ಎಲ್ಲರಿಗೂ ಬೇಕಿಲ್ಲ. ಹಿಂದಿನ ದಿನ ಬೆಳಿಗ್ಗೆ ಮತ್ತು ಮಧ್ಯಾಹ್ನ ನಾರು ಕಡಿಮೆಯಿರುವ ಆಹಾರ ಸಾಕೆಂದು ಅಮೆರಿಕದ ತಜ್ಞ ಸಂಘಗಳ 2025ರ ಮಾರ್ಗಸೂಚಿ ಹೇಳುತ್ತದೆ. ನಮ್ಮ ಅಡುಗೆಮನೆಯಲ್ಲಿ ಇದರರ್ಥ ಇಡ್ಲಿ, ಬಿಳಿ ಅನ್ನ, ಮೊಸರು. ಮುದ್ದೆ, ಸೊಪ್ಪು, ಸೀಬೆಹಣ್ಣು ಬೇಡ. ಮೊಸರನ್ನಕ್ಕೆ ಸಾಸಿವೆ ಒಗ್ಗರಣೆಯೂ ಬೇಡ. ಕಾಳು, ಬೀಜಗಳು ಕೊಳವೆಯ ಹೀರುನಾಳಕ್ಕೆ ಸಿಕ್ಕಿಕೊಳ್ಳುತ್ತವೆ. ಮಧ್ಯಾಹ್ನದ ಊಟದ ಬಳಿಕ ತಿಳಿಸಾರು, ಹಾಲಿಲ್ಲದ ಚಹಾ, ಎಳನೀರು. ಮೂತ್ರಪಿಂಡದ ಕಾಯಿಲೆಯಿದ್ದವರಿಗೆ ಎಳನೀರಿನ ಪೊಟ್ಯಾಷಿಯಂ ಅಪಾಯಕಾರಿ. ಮಧುಮೇಹಿಗಳು ಮಾತ್ರೆ, ಇನ್ಸುಲಿನ್‌ ಪ್ರಮಾಣವನ್ನು ಮೊದಲೇ ಕೇಳಿಕೊಳ್ಳಬೇಕು.

ಬೆಂಗಳೂರಿನ ಹೆಬ್ಬಾಳದ ಮಟ್ಟಿಗೆ ರುಚಿಗಿಂತ ದೊಡ್ಡ ತೊಡಕು ರಸ್ತೆ. ಇಲ್ಲಿನ ಆಸ್ಪತ್ರೆಗಳಿಗೆ ಯಲಹಂಕ, ದೇವನಹಳ್ಳಿ, ಚಿಕ್ಕಬಳ್ಳಾಪುರದ ಕಡೆಯಿಂದ ಬರುವವರು ಬಳ್ಳಾರಿ ರಸ್ತೆಯಲ್ಲೇ ಬರಬೇಕು. ಫ್ಲೈಓವರ್ ಬಳಿ ವಾಹನ ನಿಂತಾಗ ಹೊಟ್ಟೆ ಕಲಕಿದರೆ ಏನು ಗತಿ ಎಂಬ ಭಯ ಸುಳ್ಳಲ್ಲ. ಬೆಳಿಗ್ಗೆ ಏಳೂವರೆಗೆ ಪರೀಕ್ಷೆ ಎಂದರೆ ಎರಡನೇ ಕಂತು ನಡುರಾತ್ರಿ ಎರಡು ಗಂಟೆಗೆ ಬೀಳುತ್ತದೆ. ಅದು ಬೇಡವೆಂದು ಎಲ್ಲವನ್ನೂ ರಾತ್ರಿಯೇ ಕುಡಿದು ವಾಂತಿ ಮಾಡಿಕೊಳ್ಳುವುದು ಸಹಜ. ಪರೀಕ್ಷೆಯ ಹೊತ್ತನ್ನು ಹನ್ನೊಂದಕ್ಕೆ ಕೊಟ್ಟರೆ ಐದಕ್ಕೆ ಕುಡಿದು ಮುಗಿಸಿ, ಹೊಟ್ಟೆ ಸ್ತಿಮಿತಕ್ಕೆ ಬಂದಮೇಲೆ ಹೊರಡಬಹುದು. ಆಸ್ಪತ್ರೆಯವರು ಊರಿನ ದೂರ ಕೇಳಿಯೇ ಹೊತ್ತು ಗೊತ್ತುಮಾಡಲಿ, ಗಂಟೆ ನಮೂದಿಸಿದ ಚೀಟಿಯನ್ನು ಕನ್ನಡದಲ್ಲೇ ಬರೆದುಕೊಡಲಿ. ಆಸ್ಪತ್ರೆಗಳಿಗೆ ಇದು ಹೆಚ್ಚು ಖರ್ಚಿನ ಕೆಲಸವಲ್ಲ.