ಕಡಲ ಕಡತಗಳೂ ಪಿಸುರ್ಲೇಕರರೂ

ಬಸರೂರು, ಹೊನ್ನಾವರ, ಮಂಗಳೂರುಗಳ ಅಕ್ಕಿಯನ್ನು ಉಂಡು ಬಾಳಿದ ಪೋರ್ಚುಗೀಸರ ಗೋವೆಯ ವೃತ್ತಾಂತವನ್ನು ಅರಿಯದೆ ನಮ್ಮ ಕರಾವಳಿಯ ಚರಿತ್ರೆ ಪೂರ್ಣವಾಗಲಾರದು. 1894ರಲ್ಲಿ ಸತ್ತರಿಯ ಪಿಸುರ್ಲೆಯಲ್ಲಿ ಜನಿಸಿ, ಉಪಾಧ್ಯಾಯ ವೃತ್ತಿಯಿಂದ ತೊಡಗಿ, 1595ರಷ್ಟು ಪ್ರಾಚೀನವಾದ ಗೋವೆಯ ದಫ್ತರಖಾನೆಯನ್ನು ಮೂರು ದಶಕಗಳ ಕಾಲ ಕಾಪಾಡಿದ ಪಾಂಡುರಂಗ ಪಿಸುರ್ಲೇಕರರು ಆ ವೃತ್ತಾಂತದ ಆಕರಗಳನ್ನು ಬೆಳಕಿಗೆ ತಂದ ಮಹನೀಯರು. ಮಾನ್ಸೂನ್ ಮಾರುತವನ್ನು ನೆಚ್ಚಿ ಲಿಸ್ಬನ್ನಿಗೂ ಗೋವೆಗೂ ಸಂಚರಿಸುತ್ತಿದ್ದ ಹಡಗುಗಳು ಹೊತ್ತ ರಾಜಪತ್ರಗಳೂ ಅವಕ್ಕೆ ವೈಸರಾಯರು ಬರೆದ ಉತ್ತರಗಳೂ ಅಲ್ಲಿ ಸಂಪುಟ ಸಂಪುಟಗಳಾಗಿ ಉಳಿದಿವೆ. ಗೋವೆಯ ಪೋರ್ಚುಗೀಸ್ ಆಡಳಿತದ ರಾಜ್ಯಮಂಡಲಿಯ ನಿರ್ಣಯಗಳನ್ನು ಅವರು 1953ರಿಂದ 1957ರವರೆಗೆ ಐದು ಸಂಪುಟಗಳಲ್ಲಿ ಪ್ರಕಟಿಸಿದರು. ನೌಕಾಬಲವನ್ನು ಎತ್ತ ಕಳುಹಬೇಕು, ನೆರೆಯ ಅರಸರೊಡನೆ ಸಂಧಿಯೋ ವಿಗ್ರಹವೋ ಎಂದು ಆಳುವವರು ಚರ್ಚಿಸಿದುದೆಲ್ಲ ಅವುಗಳಲ್ಲಿದೆ. ಕೆಳದಿಯ ಶಿವಪ್ಪನಾಯಕನು ಪರಂಗಿಗಳ ಕೋಟೆಗಳನ್ನು ಕಿತ್ತುಕೊಂಡ ಸಾಹಸವನ್ನು ಕೊಂಡಾಡುವ ನಾವು, ಸೋತವರು ಪೋರ್ಚುಗೀಸಿನಲ್ಲಿ ಬರೆದಿಟ್ಟುದನ್ನು ಓದಲು ಇಂದಿಗೂ ಅನ್ಯರನ್ನೇ ಅವಲಂಬಿಸಿರುವುದು ಶೋಚನೀಯ. ಇತಿಹಾಸಕಾರ ಬಿ. ಎಸ್. ಶಾಸ್ತ್ರಿಯವರು ಗೋವೆ-ಕೆನರಾ ಸಂಬಂಧವನ್ನು ಕುರಿತು ರಚಿಸಿದ, 2000ದಲ್ಲಿ ಪ್ರಕಟವಾದ ಗ್ರಂಥವೂ ಇಂಗ್ಲಿಷಿನಲ್ಲಿದೆ. ಪಿಸುರ್ಲೇಕರರು 1969ರಲ್ಲಿ ತೀರಿಕೊಂಡರು, ಕಡತಗಳು ಪಣಜಿಯಲ್ಲಿವೆ. ನಮ್ಮ ವಿಶ್ವವಿದ್ಯಾನಿಲಯಗಳು ಇತಿಹಾಸದ ವಿದ್ಯಾರ್ಥಿಗಳಿಗೆ ಪೋರ್ಚುಗೀಸ್ ಭಾಷೆಯನ್ನು ಕಲಿಸಿ, ಅವರನ್ನು ಅಲ್ಲಿಗೆ ಕಳುಹಿಸಲಿ.