ಮೂಳೆಗೆ ಬೇಕಾದದ್ದು ಸಾರುವೆಯೋ ಚೌಕಟ್ಟೋ?

ಪೆನುಕೊಂಡದ ಗಗನ ಮಹಲನ್ನು ಕಟ್ಟುವಾಗ ನಿಲ್ಲಿಸಿದ ಸಾರುವೆಯ ಒಂದು ಗಳುವೂ ಇಂದು ಉಳಿದಿಲ್ಲ, ಉಳಿಯಬೇಕಾಗಿಯೂ ಇರಲಿಲ್ಲ. ಗೋಡೆ ತಾನಾಗಿ ನಿಂತ ಮೇಲೆ ಸಾರುವೆ ಇಳಿಯಬೇಕೆಂಬುದು ಗಾರೆ ಕೆಲಸದ ನಿಯಮ. ಕನ್ನಡದ ಈ ಸಾರುವೆಯೇ ತೆಲುಗಿನಲ್ಲಿ ಸಾರುವ, ತಮಿಳಿನಲ್ಲಿ ಸಾರಂ. ಮರಾಠಿಗರು ಅದನ್ನು ಪರಾಂಚಿ ಎನ್ನುತ್ತಾರೆ.

ಇಂದಿನ ವೈದ್ಯವಿಜ್ಞಾನ ಮೂಳೆಗೂ ಸಾರುವೆ ಕಟ್ಟಲು ಹೊರಟಿದೆ. ಸಣ್ಣ ಮುರಿತವನ್ನು ಮೂಳೆ ತಾನೇ ಬೆಸೆದುಕೊಳ್ಳುತ್ತದೆ. ಆದರೆ ಅಪಘಾತದಲ್ಲಿ ಒಂದು ಭಾಗವೇ ನುಚ್ಚಾದರೆ, ಅಥವಾ ಗಡ್ಡೆಯೊಡನೆ ಮೂಳೆಯನ್ನೂ ಕತ್ತರಿಸಿ ತೆಗೆದರೆ, ಆ ತೆರಪು ತಾನಾಗಿ ತುಂಬುವುದಿಲ್ಲ. ರೋಗಿಯ ಸೊಂಟದ ಮೂಳೆಯಿಂದಲೇ ತುಣುಕು ತೆಗೆದು ತುಂಬುವುದು ರೂಢಿಯ ಕ್ರಮ. ಅದರಿಂದ ಇನ್ನೊಂದು ಗಾಯ, ಇನ್ನೊಂದು ನೋವು. ದೊರೆಯುವ ಮೂಳೆಯೂ ಮಿತವಾದದ್ದು. ಆದ್ದರಿಂದಲೇ ಜೀವಕೋಶಗಳು ಅಂಟಿಕೊಂಡು ಹೊಸ ಮೂಳೆ ಕಟ್ಟಲು ತಕ್ಕ ಆಸರೆಯೊಂದನ್ನು ಹೆಣೆಯುವ ಸಂಶೋಧನೆ ನಡೆದಿದೆ.

ಹೆಣೆಯುವ ಕ್ರಮಗಳಲ್ಲಿ ಒಂದು ವಿದ್ಯುತ್ ನೂಲುವಿಕೆ. ಆಂಟನ್ ಫಾರ್ಮ್‌ಹಾಲ್ಸ್ 1934ರಲ್ಲಿ ಅಮೆರಿಕದ ಪೇಟೆಂಟ್ ಪಡೆದ ವಿದ್ಯೆ ಇದರ ಪೂರ್ವರೂಪ. ಪಾಲಿಕ್ಯಾಪ್ರೊಲ್ಯಾಕ್ಟೋನ್‌ನಂತಹ, ದೇಹದೊಳಗೆ ನಿಧಾನವಾಗಿ ಕರಗುವ ಪಾಲಿಮರ್‌ನ ದ್ರಾವಣವನ್ನು ಸೂಜಿಯ ಮೂಲಕ ಹೊರಬಿಟ್ಟು, ಸೂಜಿಗೂ ಎದುರಿನ ಲೋಹದ ಫಲಕಕ್ಕೂ ನಡುವೆ ಸಾವಿರಾರು ವೋಲ್ಟ್‌ಗಳ ವಿದ್ಯುತ್ ಒತ್ತಡವನ್ನು ಹಿಡಿದಿಡುತ್ತಾರೆ. ಆ ಸೆಳೆತಕ್ಕೆ ಹನಿ ಎಳೆಯಾಗಿ ಚಿಮ್ಮುತ್ತದೆ. ದ್ರಾವಕ ದಾರಿಯಲ್ಲೇ ಆರಿ, ತಲೆಗೂದಲಿಗಿಂತ ಬಹುಪಾಲು ತೆಳುವಾದ ನೂಲು ಫಲಕದ ಮೇಲೆ ಬಟ್ಟೆಯಂತೆ ಹರಡುತ್ತದೆ. ಮೂಳೆಯೊಳಗಿನ ಕೊಲಾಜೆನ್ ಎಳೆಗಳನ್ನು ಹೋಲುವ ಈ ಹಾಸನ್ನು ಜೀವಕೋಶಗಳು ಒಪ್ಪಿಕೊಳ್ಳುತ್ತವೆ. ಆದರೆ ಪಾಲಿಮರ್ ಮೃದು. ಅದಕ್ಕೆ ಕಸುವು ತುಂಬಲು ಅತ್ಯಲ್ಪ ಪ್ರಮಾಣದಲ್ಲಿ ಬೆರೆಸುವ ವಸ್ತುವೇ ಗ್ರಾಫೀನ್: ಒಂದೇ ಪರಮಾಣುವಿನಷ್ಟು ದಪ್ಪವುಳ್ಳ ಇಂಗಾಲದ ಹಾಳೆ.

ಈ ವಿಷಯ ದೂರ ದೇಶದ್ದೇನೂ ಅಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೌಶಿಕ್ ಚಟರ್ಜಿ ಮತ್ತು ಸಂಗಡಿಗರು ಪಾಲಿಕ್ಯಾಪ್ರೊಲ್ಯಾಕ್ಟೋನ್‌ಗೆ ಮಾರ್ಪಡಿಸಿದ ಗ್ರಾಫೀನ್ ಬೆರೆಸಿ ಪರೀಕ್ಷಿಸಿದ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಅಂತಹ ಬೆರಕೆಯ ಮೇಲೆ ಕಾಂಡಕೋಶಗಳು ಮೂಳೆಕೋಶಗಳಾಗುವುದು ಹೆಚ್ಚಿತು. ಬ್ಯಾಕ್ಟೀರಿಯಾಗಳು ಪದರಗಟ್ಟುವುದು ತಗ್ಗಿತು. ಭರವಸೆಯ ಮಾತೇ ಸರಿ. ಆದರೆ ಪ್ರಯೋಗಾಲಯದ ತಟ್ಟೆ ಮನುಷ್ಯನ ಕಾಲಲ್ಲ.

ಕನ್ನಡ ಬಲ್ಲವರ ಹೊಣೆ ಇಲ್ಲಿಂದ ಆರಂಭವಾಗುತ್ತದೆ. ಈ ಆಸರೆಯನ್ನು ಕನ್ನಡದಲ್ಲಿ ಏನೆಂದು ಕರೆಯಬೇಕು? ‘ಸ್ಕ್ಯಾಫೋಲ್ಡ್’ ಎಂದು ಬಿಟ್ಟರೆ ಅದು ಕೇಳುವವನಿಗೆ ಏನನ್ನೂ ಹೇಳದು. ‘ಚೌಕಟ್ಟು’ ಎಂದರೆ ತಪ್ಪನ್ನೇ ಹೇಳುತ್ತದೆ. ಬಾಗಿಲಿನ ಚೌಕಟ್ಟು ಮನೆಯಿರುವವರೆಗೆ ಇರತಕ್ಕದ್ದು. ‘ಸಾರುವೆ’ ಎಂದರೆ ಅದರ ಧರ್ಮವೇ ಹೊಳೆಯುತ್ತದೆ: ಕಟ್ಟಲು ನೆರವಾಗುವುದು, ಬಳಿಕ ಇಲ್ಲವಾಗುವುದು. ಕಟ್ಟಡದ ಸಾರುವೆ ಹೊರಗೆ ನಿಲ್ಲುತ್ತದೆ, ಮೂಳೆಯದು ಒಳಗೆ ಎಂದು ಆಕ್ಷೇಪಿಸಬಹುದು. ಸ್ಥಳ ಬೇರೆಯಾದರೂ ಕೆಲಸ ಒಂದೇ. ಗ್ರಾಫೀನ್ ಎಂಬ ಹೆಸರನ್ನು ಹಾಗೆಯೇ ಉಳಿಸಿಕೊಳ್ಳಲಿ; ಹೊಸ ವಸ್ತು ತನ್ನ ಹೆಸರಿನೊಡನೆ ಬರುವುದು ಸಹಜ.

ಸರಿಯಾದ ಶಬ್ದ ಸರಿಯಾದ ಪ್ರಶ್ನೆಯನ್ನು ಹುಟ್ಟಿಸುತ್ತದೆ. ಸಾರುವೆ ಎಂದೊಡನೆ ಯಾರಾದರೂ ಕೇಳುವರು: ಇದು ಯಾವಾಗ ಇಳಿಯುತ್ತದೆ? ಪಾಲಿಮರ್ ಎರಡು ಮೂರು ವರ್ಷಗಳಲ್ಲಿ ಕರಗೀತು; ಗ್ರಾಫೀನ್ ಎಲ್ಲಿಗೆ ಹೋಗುತ್ತದೆ? ಆಮ್ಲಜನಕ ಬೆರೆತ ಗ್ರಾಫೀನನ್ನು ದೇಹದ ಕೆಲವು ಕಿಣ್ವಗಳು ಒಡೆಯಬಲ್ಲವೆಂದು ಪ್ರಯೋಗಗಳು ತೋರಿಸಿವೆ. ಆದರೂ ಹಾಳೆಯ ಅಳತೆ, ಆಕಾರ, ಪ್ರಮಾಣಗಳಿಗೆ ತಕ್ಕಂತೆ ಅದರ ಪರಿಣಾಮ ಬದಲಾಗುತ್ತದೆ. ಸಾರುವೆಯ ಕಬ್ಬಿಣದ ಸಲಾಕೆಗಳು ಮನೆಯೊಳಗೇ ಉಳಿದರೆ ಮನೆಯವರಿಗೆ ಅದು ತಿಳಿದಿರಬೇಕಲ್ಲವೇ?

ವೈದ್ಯಕೀಯ ಪ್ರಯೋಗಕ್ಕೆ ಒಳಗಾಗುವವರಿಗೆ ಅವರಿಗೆ ತಿಳಿಯುವ ಭಾಷೆಯಲ್ಲೇ ವಿವರ ನೀಡಬೇಕೆಂಬುದು ಭಾರತದ ನಿಯಮ. ಇಂತಹ ಚಿಕಿತ್ಸೆ ಮನುಷ್ಯರ ಮೇಲಿನ ಪರೀಕ್ಷೆಗೆ ಬಂದ ದಿನ, ಪೆನುಕೊಂಡದ ಕಡೆಯ ರೈತನೊಬ್ಬ ಬೆಂಗಳೂರಿನ ಆಸ್ಪತ್ರೆಯಲ್ಲಿ ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಬೇಕಾದೀತು. ಆ ಪತ್ರದ ಭಾಷೆಯನ್ನು ಸಿದ್ಧಪಡಿಸುವುದು ವಿಜ್ಞಾನಿಯೊಬ್ಬನ ಕೆಲಸವಲ್ಲ. ಕನ್ನಡ ವಿಭಾಗಗಳು ವಿಜ್ಞಾನ ವಿಭಾಗಗಳೊಡನೆ ಕುಳಿತು, ಗಾರೆಯವರ, ನೇಕಾರರ, ನಾಟಿ ವೈದ್ಯರ ಬಾಯಲ್ಲಿರುವ ಶಬ್ದಗಳನ್ನು ಇಂದೇ ಕೂಡಿಹಾಕಬೇಕು. ಅರ್ಥವಾಗದ ಮಾತಿಗೆ ಒತ್ತಿದ ಹೆಬ್ಬೆಟ್ಟು ಒಪ್ಪಿಗೆಯಲ್ಲ.