ಮುಕ್ತಿನಾಥ ಟೂರು: ಯಾವ ರಾತ್ರಿ ಎಲ್ಲಿ ಮಲಗುತ್ತೀರಿ?

ಬೇಸಿಗೆ ರಜೆ ಹತ್ತಿರ ಬಂತೆಂದರೆ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರದ ದೇವಸ್ಥಾನಗಳ ನೋಟಿಸ್ ಬೋರ್ಡಿನಲ್ಲಿ, ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪುಗಳಲ್ಲಿ ಹೆಚ್ಚು ಕಡಿಮೆ ಒಂದೇ ಥರದ ಕರಪತ್ರ ಕಾಣಿಸಿಕೊಳ್ಳುತ್ತದೆ. ಗೋರಖಪುರ, ಲುಂಬಿನಿ, ಪೊಖರಾ, ಮುಕ್ತಿನಾಥ, ಕಠ್ಮಂಡು. ಪುಷ್‌ಬ್ಯಾಕ್ ಸೀಟಿನ ಬಸ್ಸು, ಜೊತೆಗೇ ಬರುವ ಅಡುಗೆಯವರು, ಬೆಳಗಾದರೆ ಫಿಲ್ಟರ್ ಕಾಫಿ. ಅಜ್ಜಿಯಿಂದ ಮೊಮ್ಮಗನವರೆಗೆ ಇಡೀ ಮನೆ ಒಂದೇ ಬಸ್ಸಿನಲ್ಲಿ ಹೊರದೇಶ ನೋಡಿ ಬರಲು ಇದಕ್ಕಿಂತ ಅಗ್ಗದ, ಹತ್ತಿರದ ದಾರಿ ಇನ್ನೊಂದಿಲ್ಲ. ವೀಸಾ ಬೇಡ, ಮುಂಗಡ ಕಟ್ಟಿದರೆ ಸೀಟು ಖಾತ್ರಿ.

ಮುಂಗಡ ಕಟ್ಟುವಾಗ ನಾವು ಕೇಳುವುದೇನು? ರೂಮಿನಲ್ಲಿ ವೆಸ್ಟರ್ನ್ ಟಾಯ್ಲೆಟ್ ಇದೆಯಾ, ರೈಲಿನಲ್ಲಿ ಲೋಯರ್ ಬರ್ತ್ ಸಿಗುತ್ತಾ, ಏಕಾದಶಿಯ ದಿನ ಫಲಾಹಾರ ಕೊಡುತ್ತೀರಾ. ಎಲ್ಲವೂ ಕೇಳಬೇಕಾದವೇ. ಆದರೆ ಯಾವ ರಾತ್ರಿ ಎಷ್ಟು ಎತ್ತರದಲ್ಲಿ ಮಲಗುತ್ತೇವೆ ಎಂದು ಕೇಳುವವರು ಕಡಿಮೆ. ಈ ಟೂರಿನಲ್ಲಿ ಆರೋಗ್ಯಕ್ಕೆ ಸಂಬಂಧಿಸಿದ ಮುಖ್ಯ ಪ್ರಶ್ನೆ ಅದೇ.

ನೇಪಾಳ ಎಂದರೆ ಹಿಮಾಲಯ, ಹಿಮಾಲಯ ಎಂದರೆ ಎತ್ತರ ಎಂಬ ಅಂದಾಜು ನಮ್ಮದು. ನಿಜ ಸಂಗತಿ ಬೇರೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಪೊಖರಾ ಸುಮಾರು 820 ಮೀಟರ್. ಫೇವಾ ಸರೋವರದ ದಂಡೆಯಲ್ಲಿ ನಿಂತು ಅನ್ನಪೂರ್ಣಾ ಸಾಲಿನ ಹಿಮ ನೋಡುವವರು ವಿಜಯನಗರದ ತಮ್ಮ ಮನೆಗಿಂತ ತಗ್ಗಿನಲ್ಲಿರುತ್ತಾರೆ! ಕಠ್ಮಂಡು 1,400 ಮೀಟರಿನ ಆಸುಪಾಸು, ನಮ್ಮ ಮುಳ್ಳಯ್ಯನಗಿರಿಯೇ 1,930 ಮೀಟರ್. ಲುಂಬಿನಿಯಂತೂ ಬಯಲು ಸೀಮೆ. ಇಡೀ ಟೂರಿನಲ್ಲಿ ಎತ್ತರದ ತೊಂದರೆ ಕೊಡಬಲ್ಲದ್ದು ಪೊಖರಾ ಬಿಟ್ಟು ಮತ್ತೆ ಪೊಖರಾಕ್ಕೆ ಬರುವ ಒಂದೆರಡು ದಿನ ಮಾತ್ರ. ಜೊಮ್ಸೊಮ್ ಊರು 2,700 ಮೀಟರ್ ಎತ್ತರದಲ್ಲಿದ್ದರೆ, ಮುಕ್ತಿನಾಥ 3,700 ದಾಟುತ್ತದೆ.

ಅಷ್ಟು ಎತ್ತರದಲ್ಲಿ ಆಗುವುದೇನು? ಗಾಳಿಯಲ್ಲಿ ಆಮ್ಲಜನಕದ ಪಾಲು ಅಲ್ಲೂ ಶೇ 21ರಷ್ಟೇ. ಕಡಿಮೆಯಾಗುವುದು ಗಾಳಿಯ ಒತ್ತಡ. ಮುಕ್ತಿನಾಥದಲ್ಲಿ ಅದು ಸಮುದ್ರಮಟ್ಟದ ಮೂರನೇ ಎರಡು ಪಾಲಿಗಿಂತಲೂ ತುಸು ಕಡಿಮೆ. ಹಾಗಾಗಿ ಒಂದೊಂದು ಉಸಿರಿಗೂ ಒಳಗೆ ಹೋಗುವ ಆಮ್ಲಜನಕ ಇಳಿಯುತ್ತದೆ. ಇದಕ್ಕೆ ದೇಹ ಹೊಂದಿಕೊಳ್ಳುತ್ತದೆ, ಆದರೆ ಕೆಲವು ದಿನ ಬೇಕು. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು ಎಂಬುದು ವೈದ್ಯರ ಸಾಮಾನ್ಯ ಸಲಹೆ. ಪೊಖರಾದಿಂದ ಮುಕ್ತಿನಾಥಕ್ಕೆ ಏರುವುದೋ, 2,900 ಮೀಟರ್.

ಹೋದ ತಕ್ಷಣ ಏನೂ ಆಗುವುದಿಲ್ಲ ಎಂಬುದು ಇಲ್ಲಿನ ಮೋಸ. ತಲೆನೋವು, ವಾಕರಿಕೆ, ಊಟ ಸೇರದಿರುವುದು, ನಿದ್ದೆ ಬಾರದಿರುವುದು ಸಾಮಾನ್ಯವಾಗಿ ಆರರಿಂದ ಹನ್ನೆರಡು ಗಂಟೆ ಕಳೆದ ಮೇಲೆ ಶುರುವಾಗುತ್ತವೆ. ಬೆಳಿಗ್ಗೆ ಮುಕ್ತಿನಾಥಕ್ಕೆ ಹೋಗಿ, ದೇವಸ್ಥಾನದ 108 ನೀರಿನ ಧಾರೆಗಳಲ್ಲಿ ನೆನೆದು, ದರ್ಶನ ಮುಗಿಸಿ ಸಂಜೆಯೊಳಗೆ ಜೊಮ್ಸೊಮ್‌ಗೆ ಇಳಿದವರು ಬಹುಮಟ್ಟಿಗೆ ಪಾರಾಗುತ್ತಾರೆ. ದೇವಸ್ಥಾನದ ಕೆಳಗಿನ ರಾಣಿಪೌವಾದಲ್ಲೇ ರಾತ್ರಿ ಉಳಿದವರಲ್ಲಿ ಹಲವರಿಗೆ ನಡುರಾತ್ರಿ ತಲೆ ಸಿಡಿಯತೊಡಗುತ್ತದೆ. ಆಗ ನಮ್ಮವರು ಹೇಳುವುದೇನು? ‘ಪಿತ್ತ ಕೆದರಿರಬೇಕು’, ‘ಗ್ಯಾಸ್ಟ್ರಿಕ್ಕು, ಒಂದು ಈನೋ ಕುಡಿಯಿರಿ.’ ಎತ್ತರಕ್ಕೆ ಏರಿದ ಮೇಲೆ ಬಂದ ತಲೆನೋವನ್ನು, ಬೇರೆ ಕಾರಣ ಖಚಿತವಾಗುವವರೆಗೆ, ಎತ್ತರದ ಕಾಯಿಲೆ ಎಂದೇ ತಿಳಿಯಬೇಕು. ಕೂತಲ್ಲೇ ಏದುಸಿರು, ನಡೆಯುವಾಗ ತೂರಾಟ, ತೊದಲುವ ಮಾತು ಕಂಡರೆ ಬೆಳಗಾಗಲಿ ಎಂದು ಕಾಯುವಂತಿಲ್ಲ. ಆ ಹೊತ್ತಿನಲ್ಲೇ ಕೆಳಗಿಳಿಸಬೇಕು. ದಿನಾ ಪಾರ್ಕಿನಲ್ಲಿ ಸುತ್ತು ಹಾಕುವ ಗಟ್ಟಿಗರಿಗೂ ಇದರಿಂದ ರಿಯಾಯಿತಿ ಇಲ್ಲ. ಅಸೆಟಜೋಲಮೈಡ್ ಮಾತ್ರೆ ಸಹಾಯ ಮಾಡುತ್ತದೆ ನಿಜ. ಆದರೆ ಮೂತ್ರಪಿಂಡದ ತೊಂದರೆ, ಸಲ್ಫಾ ಅಲರ್ಜಿ ಇದ್ದವರು ಇರುತ್ತಾರೆ. ಮನೆಯ ಡಾಕ್ಟರನ್ನು ಕೇಳದೆ, ಟೂರ್ ಮ್ಯಾನೇಜರ್ ಹಂಚಿದರೆಂದು ನುಂಗುವುದು ಬೇಡ.

ಇನ್ನು ದಾರಿ. ಕರಪತ್ರದಲ್ಲಿ ಫೋಟೋ ಹಾಕಿದ ಆ ದೊಡ್ಡ ಬಸ್ಸು ಸಾಮಾನ್ಯವಾಗಿ ಪೊಖರಾದಲ್ಲೇ ನಿಲ್ಲುತ್ತದೆ. ಅಲ್ಲಿಂದ ಮುಂದೆ ಜೀಪು, ಸಣ್ಣ ಬಸ್ಸುಗಳ ರಾಜ್ಯ. ಬೇನಿ ದಾಟಿದ ಮೇಲೆ ಕಾಳಿ ಗಂಡಕಿಯ ಕಣಿವೆ, ಒಂದು ಕಡೆ 8,167 ಮೀಟರಿನ ಧವಳಗಿರಿ, ಇನ್ನೊಂದು ಕಡೆ 8,091 ಮೀಟರಿನ ಅನ್ನಪೂರ್ಣಾ. ನಮ್ಮ ಎಷ್ಟೋ ಮನೆಗಳ ದೇವರ ಪೆಟ್ಟಿಗೆಯಲ್ಲಿ ತುಳಸಿದಳದ ಕೆಳಗೆ ಕೂತ ಸಾಲಿಗ್ರಾಮ ಬಂದದ್ದು ಈ ನದಿಯಿಂದಲೇ. ಹಿಮಾಲಯ ಏಳುವ ಮೊದಲು ಅಲ್ಲಿದ್ದ ಟೆಥಿಸ್ ಸಮುದ್ರದ ಜೀವಿಗಳ ಪಳೆಯುಳಿಕೆ ಅದು. ಅಷ್ಟು ದೂರದಿಂದ ಬಂದ ಕಲ್ಲನ್ನು ದಿನವೂ ತೊಳೆದು ಪೂಜಿಸುವವರು ಅದು ಹುಟ್ಟಿದ ಕಣಿವೆಯನ್ನು ಜೀಪಿನ ಕಿಟಕಿಯಿಂದ ನೋಡಿ ಮುಂದೆ ಹೋಗಿಬಿಡುತ್ತಾರೆ. ನದಿಯ ಬಳಿ ಅರ್ಧ ಗಂಟೆ ನಿಲ್ಲಿಸಿ ಎಂದು ಕೇಳಬಹುದು.

ಪೊಖರಾದಿಂದ ಜೊಮ್ಸೊಮ್‌ಗೆ ರಸ್ತೆಯಲ್ಲಿ ಹೆಚ್ಚು ಕಡಿಮೆ ಇಡೀ ದಿನ, ಸಣ್ಣ ವಿಮಾನದಲ್ಲಿ ಇಪ್ಪತ್ತು ನಿಮಿಷದ ಆಸುಪಾಸು. ಆ ವಿಮಾನ ಹಾರುವುದು ಬೆಳಗಿನ ಹೊತ್ತು ಮಾತ್ರ. ಬಿಸಿಲೇರಿದಂತೆ ಉತ್ತರದ ಒಣ ಪ್ರಸ್ಥಭೂಮಿ ಕಾಯುತ್ತದೆ, ಅಲ್ಲಿನ ಗಾಳಿ ಮೇಲೇಳುತ್ತದೆ, ಅದರ ಜಾಗಕ್ಕೆ ಕೆಳಗಿನ ಗಾಳಿ ಕಿರಿದಾದ ಕಣಿವೆಯೊಳಗೆ ನುಗ್ಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಜೊಮ್ಸೊಮ್‌ನಲ್ಲಿ ನೆಟ್ಟಗೆ ನಿಲ್ಲುವುದೂ ಕಷ್ಟ. ಮೋಡ ಕವಿದರೆ ಬೆಳಗಿನ ವಿಮಾನವೂ ಇಲ್ಲ. 2022ರ ಮೇ 29ರಂದು ಇದೇ ದಾರಿಯಲ್ಲಿ ವಿಮಾನ ಬಿದ್ದು 22 ಜನ ಸತ್ತರು, ಅವರಲ್ಲಿ ಮಹಾರಾಷ್ಟ್ರದ ಠಾಣೆಯ ಒಂದೇ ಕುಟುಂಬದ ನಾಲ್ವರಿದ್ದರು. ರಸ್ತೆಯೂ ಸಲೀಸಲ್ಲ. 2024ರ ಆಗಸ್ಟ್ 23ರಂದು ಪೊಖರಾದಿಂದ ಕಠ್ಮಂಡುವಿಗೆ ಹೊರಟಿದ್ದ ಯಾತ್ರಿಕರ ಬಸ್ಸು ತನಹುಂ ಜಿಲ್ಲೆಯಲ್ಲಿ ಮರ್ಸ್ಯಾಂಗ್ದಿ ನದಿಯ ಕಡೆಗೆ ಉರುಳಿ 27 ಮಂದಿ ತೀರಿಕೊಂಡರು, ಅವರಲ್ಲಿ ಹೆಚ್ಚಿನವರು ಮಹಾರಾಷ್ಟ್ರದವರು. ಮಳೆಗಾಲದಲ್ಲಿ ಹೋಗಬೇಡಿ, ರಾತ್ರಿ ಬಸ್ಸು ಓಡಿಸಲು ಬಿಡಬೇಡಿ ಎಂದು ಹಿರಿಯರು ಹೇಳಿದರೆ ಗೊಣಗಾಟ ಎಂದುಕೊಳ್ಳಬೇಡಿ. ಏಪ್ರಿಲ್, ಮೇ ಆಗಬಹುದು. ದಸರಾ ರಜೆಯ ಹವೆ ಚೆನ್ನ, ಆದರೆ ನೇಪಾಳಿಗರ ದೊಡ್ಡ ಹಬ್ಬ ದಶೈಂ ಕೂಡ ಅದೇ ಹೊತ್ತಿಗೆ. ಊರಿಗೆ ಹೊರಟವರಿಂದ ಬಸ್ಸು, ರಸ್ತೆ ಎರಡೂ ಗಿಜಿಗುಡುತ್ತವೆ.

ಇದರಿಂದಲೇ ಎರಡನೇ ಪ್ರಶ್ನೆ ಹುಟ್ಟುತ್ತದೆ: ಟೂರಿನಲ್ಲಿ ಖಾಲಿ ಬಿಟ್ಟ ಒಂದು ದಿನ ಇದೆಯೇ? ಕರಪತ್ರದಲ್ಲಿ ಖಾಲಿ ದಿನ ಕಂಡರೆ ನಮಗೆ ದುಡ್ಡು ದಂಡ ಅನ್ನಿಸುತ್ತದೆ, ಆಯೋಜಕರೂ ಅಲ್ಲಿ ಇನ್ನೊಂದು ಊರು ತುಂಬುತ್ತಾರೆ. 2018ರ ಜುಲೈನಲ್ಲಿ ಮಾನಸ ಸರೋವರದಿಂದ ಮರಳುತ್ತಿದ್ದ 1,500ಕ್ಕೂ ಹೆಚ್ಚು ಭಾರತೀಯರು ಹವೆ ಕೆಟ್ಟು ನೇಪಾಳದ ಸಿಮಿಕೋಟ್, ಹಿಲ್ಸಾಗಳಲ್ಲಿ, ಗಡಿಯಾಚೆ ಟಿಬೆಟ್ ಕಡೆಯಲ್ಲಿ ಸಿಲುಕಿದಾಗ ಅವರಲ್ಲಿ ಕನ್ನಡಿಗರೂ ಬಹಳ ಮಂದಿ ಇದ್ದರು. 2025ರ ಸೆಪ್ಟೆಂಬರ್‌ನಲ್ಲಿ ಯುವಜನರ ಪ್ರತಿಭಟನೆ ಹಿಂಸೆಗೆ ತಿರುಗಿ ಕಠ್ಮಂಡುವಿನ ವಿಮಾನ ನಿಲ್ದಾಣವೇ ಮುಚ್ಚಿತ್ತು. ಗೋರಖಪುರದಿಂದ ಯಶವಂತಪುರಕ್ಕೆ ಎರಡು ರಾತ್ರಿಯ ರೈಲು. ಆ ಟಿಕೆಟ್ ತಪ್ಪಿದರೆ ಮರುದಿನ ಇಡೀ ಗುಂಪಿಗೆ ಬರ್ತ್ ಸಿಗುವುದು ಕನಸಿನ ಮಾತು. ಖಾಲಿ ದಿನದ ಬೆಲೆ ಆಗ ತಿಳಿಯುತ್ತದೆ.

ಕಾಗದಪತ್ರದ ಮಾತು ಚುಟುಕಾಗಿ. ದೊಡ್ಡವರಿಗೆ ಪಾಸ್‌ಪೋರ್ಟ್ ಅಥವಾ ಚುನಾವಣಾ ಆಯೋಗದ ಗುರುತಿನ ಚೀಟಿ ಬೇಕು. ಆಧಾರ್ ನಡೆಯುವುದು 15 ವರ್ಷದೊಳಗಿನವರಿಗೆ ಮತ್ತು 65 ದಾಟಿದವರಿಗೆ. ನಡುವಿನ 15ರಿಂದ 18ರ ಮಕ್ಕಳಿಗೆ, ಪಾಸ್‌ಪೋರ್ಟ್ ಇಲ್ಲದಿದ್ದರೆ, ನಿಗದಿತ ನಮೂನೆಯಲ್ಲಿ ಶಾಲೆಯ ಪ್ರಿನ್ಸಿಪಾಲರ ಪ್ರಮಾಣಪತ್ರ ಬೇಕು. ಬೇಸಿಗೆ ರಜೆ ಶುರುವಾದ ಮೇಲೆ ಪ್ರಿನ್ಸಿಪಾಲರನ್ನು ಹುಡುಕುವುದು ಕಷ್ಟ, ಮಾರ್ಚ್‌ನಲ್ಲೇ ಮಾಡಿಸಿಡಿ.

ಉಳಿದದ್ದು ಮನೆಯೊಳಗಿನ ಮಾತು. ಹೃದಯದ, ಶ್ವಾಸಕೋಶದ ತೊಂದರೆ ಇರುವ, ರಕ್ತಹೀನತೆ ಇರುವ ಹಿರಿಯರು ಪೊಖರಾದಲ್ಲೇ ಉಳಿದುಕೊಳ್ಳುವುದು ಲೇಸು ಎಂದು ಡಾಕ್ಟರು ಹೇಳಬಹುದು. ಅವರನ್ನು ಒಂಟಿಯಾಗಿ ಬಿಡಲಾಗದು, ಮನೆಯವರೊಬ್ಬರು ಜೊತೆಗಿರಬೇಕು. ಆ ಒಬ್ಬರು ಮಗನೋ, ಸೊಸೆಯೋ, ಅಳಿಯನೋ ಎಂಬುದು ಮುಂಗಡ ಕಟ್ಟುವ ಮೊದಲೇ ತೀರ್ಮಾನವಾಗಲಿ. ಪೊಖರಾದ ಹೋಟೆಲಿನಲ್ಲಿ ಆ ಇಬ್ಬರಿಗೆ ಎರಡು ರಾತ್ರಿ ಹೆಚ್ಚುವರಿ ರೂಮು ಕೊಡುತ್ತೀರಾ, ಅದಕ್ಕೆ ಎಷ್ಟು ಎಂದು ಆಯೋಜಕರನ್ನು ಕೇಳಿ ರಸೀದಿಯ ಮೇಲೆಯೇ ಬರೆಸಿಕೊಳ್ಳಿ.